ಚಿಕ್ಕಮಾದಮ್ಮ ಕೊಂಡ ಆರು ತಟ್ಟೆ

ಮಂಡ್ಯದ ಪೇಟೆ ಬೀದಿಯ ಪಾತ್ರೆ ಅಂಗಡಿಯಲ್ಲಿ ಚಿಕ್ಕಮಾದಮ್ಮ ಹನ್ನೊಂದನೆಯ ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದಳು. ಅದರ ಸದ್ದು ಕೇಳಿ ಮೂಗು ಮುರಿದು ಪಕ್ಕಕ್ಕಿಟ್ಟಳು. ಹಿಂದಿನ ಹತ್ತಕ್ಕೂ ಇದೇ ಗತಿಯಾಗಿತ್ತು. ಅಂಗಡಿಯ ಯಜಮಾನ ಸ್ವಾಮಿ ಹಲ್ಲು ಕಚ್ಚಿ ನಗುತ್ತ ಹನ್ನೆರಡನೆಯದನ್ನು ಅಟ್ಟದಿಂದ ಇಳಿಸಿದ.

"ಇದೇನಪ್ಪ ತಟ್ಟೆಯಾ, ಇಲ್ಲ ಡಬ್ಬದ ಮುಚ್ಚಳವಾ? ಬಿಸಿ ಮುದ್ದೆ ಇಟ್ರೆ ಬಗ್ಗೋಯ್ತದೆ."

"ಇಲ್ಲ ಕಣಮ್ಮ, ಒಳ್ಳೆ ಗೇಜು."

"ಗೇಜು ನಿನ್ ಬಾಯಲ್ಲಿ ಐತೆ. ತಟ್ಟೇಲಿ ಇಲ್ಲ."

ಪಕ್ಕದಲ್ಲಿ ನಿಂತಿದ್ದ ಮಗಳು ಶಶಿರೇಖಾ ಬೀದಿಯ ಕಡೆ ಮುಖ ತಿರುಗಿಸಿದಳು. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ ಅವಳು. ಅರವತ್ತು ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಾಳೆ. ಅವ್ವನ ಜೊತೆ ಅಂಗಡಿಗೆ ಬಂದರೆ ಮಾತ್ರ ತಾನೇ ಬೆಂಚಿನ ಮೇಲೆ ನಿಂತವಳಂತೆ ಆಗುತ್ತಾಳೆ.

ಚಿಕ್ಕಮಾದಮ್ಮನಿಗೆ ಈಗ ಅರವತ್ತೆರಡು. ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಎರಡು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿದವಳು. ಅದೇ ಕೇರಿಯ ಚೌಡಯ್ಯನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಓದಿಸಿದವಳು. ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಭತ್ತದ ಮಡಿಗಳಲ್ಲಿ ಮೂವತ್ತೊಂದು ವರ್ಷ ಕಳೆ ಕಿತ್ತು, ಮೊದಲು ದಿನಗೂಲಿಯಾಗಿ, ಆಮೇಲೆ ಕಾಯಂ ಆಗಿ, ಕೊನೆಗೆ ಹಾರ ಹಾಕಿಸಿಕೊಂಡು ಮನೆಗೆ ಬಂದವಳು. ಈ ಜಗತ್ತಿನಲ್ಲಿ ಅವಳಿಗೆ ಮೆಚ್ಚುಗೆಯಾದ ವಸ್ತುಗಳು ಬಹಳ ಕಡಿಮೆ. ಫಾರಂನ ವಿಜ್ಞಾನಿಗಳು ಹೊಸ ತಳಿ ತೋರಿಸಿ "ಹೇಗಿದೆ ಚಿಕ್ಕಮಾದಮ್ಮ?" ಎಂದು ಕೇಳಿದರೆ, "ನೋಡಕ್ಕೆ ಚೆಂದಾಗೈತೆ ಸಾರ್, ಉಂಡೋರ್ನ ಕೇಳಿ" ಎನ್ನುತ್ತಿದ್ದಳು. ವಿಜ್ಞಾನಿಗಳು ಆ ಮಾತಿಗೆ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಅಂಥವಳು ತಾಯಿ ಮಗಳ ದುಡಿಮೆ ಒಟ್ಟುಗೂಡಿಸಿ ಮಂಡ್ಯದ ಗುತ್ತಲಿನಲ್ಲಿ ಮನೆ ಕಟ್ಟಿದ್ದಳು. ಎರಡು ಕೋಣೆ, ಒಂದು ನಡುಮನೆ, ಮೇಲೊಂದು ನೀರಿನ ಟ್ಯಾಂಕು. ಎರಡು ತಿಂಗಳ ಹಿಂದೆ ಗೃಹಪ್ರವೇಶವೂ ಆಗಿತ್ತು. ನಡುಮನೆಯ ಗೋಡೆಗೆ ಬುದ್ಧನ ಫೋಟೊ ಹಾಕಿ, ವಂದನೆ ಹೇಳಿ, ಇನ್ನೂರು ಜನಕ್ಕೆ ಊಟ ಹಾಕಿದ್ದರು. ತಟ್ಟೆಯ ಕಥೆ ಶುರುವಾಗುವುದೇ ಆ ಊಟದಿಂದ.

ನಮ್ಮ ಕಡೆ ಕೇರಿಯವರ ಮನೆಯಲ್ಲಿ ಶುಭಕಾರ್ಯವಾದರೆ ಊರೊಳಗಿನ ಪರಿಚಯದವರು ಬಾಗಿಲಲ್ಲೇ ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾರೆ. ಮನೆ ಎಷ್ಟು ಚದರ ಎಂದಲ್ಲ, ಟೈಲ್ಸು ಎಲ್ಲಿಯದು ಎಂದಲ್ಲ. "ಅಡುಗೆ ಯಾರ್ದು?" ಎಂದು. ಅಡುಗೆ ಹೊರಗಿನ ಕಂಟ್ರಾಕ್ಟಿನವರದು, ಅದೂ ಇಂಥ ಜಾತಿಯವರದು ಎಂದು ಖಾತ್ರಿಯಾದರೆ ಶರ್ಟಿನ ತೋಳು ಮಡಚಿ ಪಂಕ್ತಿಗೆ ಕೂರುತ್ತಾರೆ. ಖಾತ್ರಿಯಾಗದಿದ್ದರೆ ಒಮ್ಮೆಗೇ ಎಲ್ಲರಿಗೂ ಗ್ಯಾಸ್ಟ್ರಿಕ್ಕು ಶುರುವಾಗುತ್ತದೆ. ಈ ಗ್ಯಾಸ್ಟ್ರಿಕ್ಕಿಗೆ ಬಾಳೆಹಣ್ಣು, ಬಾಟಲಿ ಜ್ಯೂಸು ಮಾತ್ರ ಆಗಿಬರುತ್ತದೆ. ಶಶಿರೇಖಾ ತನ್ನ ಸ್ಕೂಲಿನವರು, ಬೀದಿಯವರು ಮುಜುಗರವಿಲ್ಲದೆ ಉಣ್ಣಲಿ ಎಂದು ಮದ್ದೂರು ಕಡೆಯಿಂದ ಅಡುಗೆಯವರನ್ನು ಕರೆಸಿದ್ದಳು. ಚಿಕ್ಕಮಾದಮ್ಮ ಆವತ್ತು ಬಾಯಿ ಮುಚ್ಚಿಕೊಂಡಿದ್ದಳು. ಮಗಳ ಸಂಭ್ರಮ ಕೆಡಿಸಬಾರದು ಎಂದಷ್ಟೆ.

ಆ ಪಂಕ್ತಿಯಲ್ಲಿ ಹೊಂಬಾಳಮ್ಮನೂ ಉಂಡಳು. ಹಳ್ಳಿಯಲ್ಲಿ ಹದಿನೆಂಟು ಎಕರೆ ಗದ್ದೆಯ ಮನೆಯಾಕೆ. ಚಿಕ್ಕಮಾದಮ್ಮ ಹತ್ತನೆಯ ವಯಸ್ಸಿನಿಂದ ಫಾರಂ ಸೇರುವ ತನಕ ಅವಳ ಗದ್ದೆಯಲ್ಲಿ ನಾಟಿ ಹಾಕಿದ್ದಳು, ಕಬ್ಬಿನ ಒಣಗರಿ ರವುದಿ ಸುಲಿದಿದ್ದಳು, ಅವಳ ಎರಡು ಬಾಣಂತನಕ್ಕೆ ಸೌದೆ ಹೊತ್ತಿದ್ದಳು. ಅಷ್ಟು ವರ್ಷದಲ್ಲಿ ಆ ಮನೆಯ ಮುಂಬಾಗಿಲನ್ನು ಒಂದು ಸಲವೂ ದಾಟಿರಲಿಲ್ಲ. ಬರುವುದು ಹೋಗುವುದು, ಕೂಲಿ ಈಸಿಕೊಳ್ಳುವುದು, ಉಣ್ಣುವುದು ಎಲ್ಲ ಹಿತ್ತಲಲ್ಲೇ.

ಉಂಡು ಹೋದವಳು ಸುಮ್ಮನಿದ್ದಿದ್ದರೆ ಆಗಿತ್ತು. ಹಾಲಿನ ಡೈರಿ, ರಾಗಿ ಮಿಲ್ಲು, ಹೆಣ್ಣುಮಕ್ಕಳ ಸಂಘ, ಹೋದ ಕಡೆಯಲ್ಲೆಲ್ಲ ಡಂಗುರ ಸಾರಿದಳು. ಕೇರಿಯ ಅಂಕಮ್ಮ ಫೋನು ಮಾಡಿ ಅವಳ ದನಿಯನ್ನೇ ಅನುಕರಿಸಿ ಒಪ್ಪಿಸಿದಳು. "ನಮ್ಗೇನ್ ಭೇದ ಇಲ್ಲ ಕಣ್ರವ್ವ. ಕಾಲ ಬದ್ಲಾಗೈತೆ. ಚಿಕ್ಕಮಾದಿ ಮನೇಲೇ ಕುಂತು ಉಂಡ್ ಬಂದಿವ್ನಿ ನಾನು!"

ಚಿಕ್ಕಮಾದಮ್ಮನಿಗೆ ಮೈಯೆಲ್ಲ ಉರಿಯಿತು. ಫೋನನ್ನು ಮಂಚದ ಮೇಲೆ ಎಸೆದು ಮಗಳ ಮುಂದೆ ನಿಂತಳು.

"ನನ್ ಮನೇಲಿ ಉಂಡ್ಲಂತೆ! ಏನ್ ಉಂಡ್ಲು ನನ್ ಮನೇಲಿ? ಎಲೆ ಮಾರ್ಕೆಟ್ಟಿಂದು. ಅಡುಗೆ ಕಂಟ್ರಾಕ್ಟರ್ದು. ನೀರು ಬಾಟ್ಲಿದು. ಕುಂತಿದ್ದ ಕುರ್ಚಿ ಸಾಮ್ಯಾನದೋನ್ದು. ನಂದು ಅಂತ ಅವ್ಳ ಮೈಗೆ ಸೋಕಿದ್ದು ಬರೀ ಬಿಸ್ಲು."

"ಬುಡವ್ವ. ಬಂದ್ರಲ್ಲ, ಅದೇ ದೊಡ್ಡದು."

"ಯಾರ್ಗ್ ದೊಡ್ಡದು?"

ಶಶಿರೇಖಾ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು. ಚಿಕ್ಕಮಾದಮ್ಮ ಆ ರಾತ್ರಿಯಿಂದ ಒಂದೇ ಮಾತನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದಳು. ಹೊಂಬಾಳಮ್ಮ ಈ ಮನೆಯಲ್ಲಿ ಉಣ್ಣಬೇಕು, ಉಂಡರೆ ತಾನು ಬೇಯಿಸಿದ್ದನ್ನು ಉಣ್ಣಬೇಕು, ತನ್ನ ತಟ್ಟೆಯಲ್ಲಿ ಉಣ್ಣಬೇಕು. ಎಲೆಯಾದರೆ ಉಂಡ ಮೇಲೆ ತಿಪ್ಪೆಗೆ ಹೋಗುತ್ತದೆ, ಅದಕ್ಕೆ ಸಾಕ್ಷಿಯಿಲ್ಲ. ತಟ್ಟೆ ಮನೆಯಲ್ಲೇ ಉಳಿಯುತ್ತದೆ. ಅದು ಆಗದ ತನಕ ಆ ಹೆಂಗಸಿನ ಬಾಯಲ್ಲಿ ತನ್ನ ಮನೆಯ ಹೆಸರು ಬರಕೂಡದು.

ಮರುದಿನವೇ ಫೋನು ಮಾಡಿದಳು. "ಅವ್ವೋರೆ, ಆವತ್ತು ಗದ್ಲದಲ್ಲಿ ಸರ್ಯಾಗಿ ಉಪಚಾರ ಮಾಡಕ್ಕಾಗ್ನಿಲ್ಲ. ಬರೋ ಭಾನ್ವಾರ ಬನ್ನಿ. ನಾನೇ ಬಾಡಿನ್ ಸಾರು ಮಾಡ್ತೀನಿ."

ಊರೆಲ್ಲ ಡಂಗುರ ಹೊಡೆದ ಬಾಯಿಗೆ ಈಗ ಹಿಂದೆ ಸರಿಯಲು ದಾರಿಯಿರಲಿಲ್ಲ.

"ಬತ್ತೀನಿ ಬುಡು, ಅದ್ಕೇನು" ಎಂದಳು ಹೊಂಬಾಳಮ್ಮ.

ಮನೆಯಲ್ಲಿ ಇದ್ದ ತಟ್ಟೆಗಳೋ ಹಳ್ಳಿಯಿಂದ ತಂದವು. ಒಂದು ಸೊಟ್ಟ, ಒಂದು ತಗ್ಗು, ಇನ್ನೊಂದರ ಅಂಚು ಬಾಯಿ ಬಿಟ್ಟಿತ್ತು. ಅವುಗಳಲ್ಲಿ ಬಡಿಸಿದರೆ "ಹಳೇ ತಟ್ಟೆ ನೋಡಿ ವಾಕರಿಕೆ ಬಂತು" ಎಂಬ ನೆಪವನ್ನು ತಾನೇ ಕೈಯಾರೆ ಕೊಟ್ಟಂತೆ. ನೆಪಕ್ಕೆ ಒಂದು ಸಂದೂ ಇರಬಾರದು. ಹೀಗಾಗಿ ಭಾನುವಾರಕ್ಕೆ ಮೂರು ದಿನ ಮೊದಲು ತಾಯಿ ಮಗಳು ಪೇಟೆ ಬೀದಿಯಲ್ಲಿ ನಿಂತಿದ್ದರು.

ಸ್ಟೀಲಿನ ಆಸೆ ಬಿಟ್ಟ ಸ್ವಾಮಿ ಈಗ ಗಾಜಿನ ಕಡೆ ತಿರುಗಿದ. ಬಿಳಿ ಗಾಜಿನ ಡಿನ್ನರ್ ಸೆಟ್ಟು, ಅಂಚಿಗೆ ನೀಲಿ ಹೂವು. ಶಶಿರೇಖಾಳ ಕಣ್ಣು ಅರಳಿತು. ಅವಳ ಸ್ಕೂಲಿನ ಹೆಡ್‌ಮೇಡಂ ಮನೆಯಲ್ಲಿ ಇಂಥದೇ ಇದೆ.

"ಇದು ಬೀಳ್ಸುದ್ರೂ ಒಡೆಯಲ್ಲ ಕಣಮ್ಮ" ಎಂದ ಸ್ವಾಮಿ.

"ಹೌದಾ? ಬೀಳ್ಸ್ಲಾ?" ಎಂದು ಚಿಕ್ಕಮಾದಮ್ಮ ತಟ್ಟೆಯನ್ನು ಎದೆಯ ಎತ್ತರಕ್ಕೆ ಎತ್ತಿದಳು. ಸ್ವಾಮಿ ಕೌಂಟರು ಹಾರುವುದೊಂದು ಬಾಕಿ. ಎರಡೂ ಕೈಯಿಂದ ತಟ್ಟೆ ಕಸಿದುಕೊಂಡು ಎದೆಗೆ ಅವುಚಿಕೊಂಡ.

"ನೋಡ್ದೇನವ್ವ" ಎಂದು ಅವಳು ಮಗಳಿಗೆ ಹೇಳಿದಳು. "ಮಾರೋನ್ಗೇ ನಂಬ್ಕೆ ಇಲ್ಲ. ನಾವ್ ನಂಬ್ಬೇಕಂತೆ."

ಆಮೇಲೆ ಬಂದದ್ದು ಪ್ಲಾಸ್ಟಿಕ್ಕಿನಂಥ ಮೆಲಮೈನು. ಮೂಸಿ ನೋಡಿ ಹಿಂದಕ್ಕೆ ತಳ್ಳಿದಳು. ಅದರ ಹಿಂದೆಯೇ ಚಮಚಗಳ ಪೆಟ್ಟಿಗೆ ಬಂತು. ಕೆಂಪು ಮಕಮಲ್ಲಿನ ಮೇಲೆ ಆರು ಚಮಚ, ಆರು ಮುಳ್ಳುಚಮಚ, ಆರು ಚಾಕು ಸಾಲಾಗಿ ಮಲಗಿದ್ದವು. ಚಿಕ್ಕಮಾದಮ್ಮ ಮುಳ್ಳುಚಮಚವೊಂದನ್ನು ಬಾಲ ಹಿಡಿದು ಎತ್ತಿದಳು.

"ಇದ್ರಲ್ಲಿ ಏನ್ ತಿಂತಾರಪ್ಪ?"

"ನೂಡಲ್ಸು, ಹಣ್ಣು, ಎಲ್ಲಾ ತಿನ್ಬೌದು ಕಣಮ್ಮ. ಈಗ ಎಲ್ಲಾರ ಮನೇಲೂ ಮಡಿಕೋತಾರೆ."

"ಮುದ್ದೆಗೆ ಚುಚ್ಚುದ್ರೆ ಕೈಗ್ ಬತ್ತದಾ, ಅಲ್ಲೇ ನೆಟ್ಕೋತದಾ? ಎತ್ ಮಡುಗು. ಮನೆಗ್ ಬಂದೋರ್ಗೆ ಊಟ ಆಕ್ಬೇಕು, ಯುದ್ಧ ಮಾಡುಸ್ಬಾರ್ದು."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರು. ಸ್ವಾಮಿಯೂ ಸೋತು ನಕ್ಕು, ಒಳಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಕಟ್ಟನ್ನು ಹೊತ್ತು ತಂದ. ಹಳೆಯ ಮಾಲು, ಹೊಳಪು ಸ್ವಲ್ಪ ಕಡಿಮೆ, ಆದರೆ ದಪ್ಪ ಅಂಚು. ಈಗಿನವರು ಭಾರ ಎಂದು ಬಿಟ್ಟು ಹೋಗುತ್ತಾರಂತೆ. ಅವಳು ಬಡಿದಳು. ಸದ್ದು ಗಟ್ಟಿಯಾಗಿ ಬಂದು ನಿಧಾನವಾಗಿ ಹೋಯಿತು. ಎರಡು ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿದಳು, ಬಗ್ಗಲಿಲ್ಲ. ಮೊದಲ ಸಲ ಅವಳ ಮುಖದಲ್ಲಿ ತಿರಸ್ಕಾರ ಸಡಿಲವಾಯಿತು. ಹೊಳೆಯುವ ಮಾಲಿಗಿಂತ ಅಗ್ಗವೂ ಆಗಿದ್ದುದರಿಂದ ಚೌಕಾಸಿಗೂ ಹೆಚ್ಚು ಕೆಲಸವಿರಲಿಲ್ಲ. ಆರು ತಟ್ಟೆ, ಆರು ಲೋಟ, ಸಾರಿಗೆ ಆರು ಬಟ್ಟಲು, ಒಂದು ಸೌಟು ತೆಗೆಸಿಟ್ಟಳು. ನೀಲಿ ಹೂವಿನ ಕಡೆ ಶಶಿರೇಖಾ ಕೊನೆಯ ಸಲ ನೋಡಿ ನಿಟ್ಟುಸಿರು ಬಿಟ್ಟಳು.

"ಹೆಸ್ರು ಹಾಕ್ಬೇಕಾ ಅಮ್ಮ?" ಎಂದ ಸ್ವಾಮಿ. ಅಂಗಡಿಯ ಮೂಲೆಯಲ್ಲಿ ಹೆಸರು ಕೊರೆಯುವ ಕರೆಂಟು ಪೆನ್ನು ಇತ್ತು. ಮುಯ್ಯಿ ಕೊಡುವ ಪಾತ್ರೆಗೆ ಕೊಟ್ಟವರ ಹೆಸರು, ಮನೆಯ ಪಾತ್ರೆಗೆ ಮನೆಯವರ ಹೆಸರು. ಹೆಸರಿಲ್ಲದ ಪಾತ್ರೆಯನ್ನು ಈ ಸೀಮೆಯಲ್ಲಿ ಯಾರೂ ಮದುವೆ ಮನೆಗೆ ಎರವಲು ಕೊಡುವುದಿಲ್ಲ.

"ಆಕು. ಚಿಕ್ಕಮಾದಮ್ಮ, ಗುತ್ತಲು."

ಸ್ವಾಮಿ ತಟ್ಟೆಯನ್ನು ಬೋರಲು ಮಾಡಿ ಪೆನ್ನು ಹಿಡಿದ.

"ಅದ್ಯಾಕ್ ಬೋರ್ಲಾಕ್ದೆ? ಮೇಲ್ಗಡೆ ಬರಿ. ಉಣ್ಣೋ ಕಡೆ. ನಡುಮಧ್ಯದಲ್ಲಿ. ದೊಡ್ದಾಗಿ."

ಅವನು ಪೆನ್ನು ನಿಲ್ಲಿಸಿದ. ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. "ಅಮ್ಮ, ಅಲ್ಲಿ ಬರುದ್ರೆ ಅಕ್ಷರದೊಳಗೆ ಅನ್ನ ಸಿಕ್ಕೋತದೆ. ಚೆಂದ ಕಾಣಲ್ಲ."

"ಸಿಕ್ಕೊಳ್ಳಿ. ತೊಳ್ಯೋಳು ನಾನು."

"ಅವ್ವಾ, ಬಂದೋರು ನಗ್ತಾರೆ" ಎಂದಳು ಶಶಿರೇಖಾ.

ಚಿಕ್ಕಮಾದಮ್ಮನಿಗೆ ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಫಾರಂನಲ್ಲಿ ಪ್ರತಿ ಮಡಿಗೂ ಒಂದು ಹೆಸರಿನ ಫಲಕ ನೆಟ್ಟಿರುತ್ತಾರೆ. ಫಲಕವಿದ್ದ ಮಡಿಯನ್ನು ಮಂತ್ರಿ ಬಂದರೂ ಸುತ್ತು ಹಾಕಿಕೊಂಡು ಹೋಗುತ್ತಾನೆ, ತುಳಿಯುವುದಿಲ್ಲ. ಹೆಸರಿನ ಬೆಲೆಯನ್ನು ಅವಳು ಕಲಿತದ್ದು ಅಲ್ಲಿ, ತನ್ನ ಹೆಸರನ್ನು ಓದಲು ಬರೆಯಲು ಕಲಿತದ್ದೂ ಅಲ್ಲಿಯೇ. ಹೊಂಬಾಳಮ್ಮ ಮುದ್ದೆ ಮುರಿದಂತೆಲ್ಲ, ಸಾರು ಬಳಿದಂತೆಲ್ಲ, ಅಡಿಯಿಂದ ಅಕ್ಷರ ಒಂದೊಂದಾಗಿ ಮೇಲೆದ್ದು ಯಾರ ಮನೆಯ ಅನ್ನ ಇದು ಎಂದು ಅವಳ ಮುಖಕ್ಕೆ ಹೇಳಬೇಕು. ಆರು ತಟ್ಟೆಗೂ ಹಾಗೆಯೇ ಬರೆಸಿದಳು. ಆ ಗುಂಯ್‌ಗುಟ್ಟುವ ಸದ್ದು ಅವಳಿಗೆ ಗೃಹಪ್ರವೇಶದ ವಾಲಗಕ್ಕಿಂತ ಇಂಪಾಗಿ ಕೇಳಿಸಿತು.

ಭಾನುವಾರ ಬೆಳಗ್ಗೆ ಆರಕ್ಕೇ ಎದ್ದು ಸ್ವತಃ ಹೋಗಿ ಬಾಡು ತಂದಳು. ಮಸಾಲೆಯನ್ನು ಮಿಕ್ಸಿಗೆ ಹಾಕದೆ ಒರಳಲ್ಲಿ ರುಬ್ಬಿದಳು. ಕೆಲಸದ ನಡುವೆ ಹೊಂಬಾಳಮ್ಮ ಹೇಳಬಹುದಾದ ನೆಪಗಳನ್ನೆಲ್ಲ ಒಂದೊಂದಾಗಿ ಎತ್ತಿ ಮಗಳಿಗೆ ಆಡಿ ತೋರಿಸಿದಳು. ಇವತ್ತು ಒಪ್ಪತ್ತು. ಡಾಕ್ಟ್ರು ಬಾಡು ಬ್ಯಾಡ ಅಂದವ್ರೆ. ಹಲ್ಲುನೋವು. ದಾರೀಲಿ ನೆಂಟ್ರು ಸಿಕ್ಕಿ ಬುಡ್ನೇ ಇಲ್ಲ, ಅಲ್ಲೇ ಉಂಡ್ಬುಟ್ಟೆ. ಪ್ರತಿಯೊಂದಕ್ಕೂ ಒಂದೊಂದು ಉತ್ತರ ಸಿದ್ಧವಾಗಿತ್ತು. ಹಲ್ಲುನೋವಿಗೆಂದು ಮೆತ್ತಗಿನ ಈಲಿಯನ್ನೂ, ಅಂದರೆ ಲಿವರ್ ತುಂಡುಗಳನ್ನೂ, ಬೇರೆ ಬೇಯಿಸಿದ್ದಳು.

ಒಂದು ಗಂಟೆಗೆ ಮನೆಯ ಮುಂದೆ ಕಾರು ನಿಂತಿತು. ಹೊಂಬಾಳಮ್ಮನ ಸೊಸೆ ರೂಪ ಕಾರು ಓಡಿಸಿಕೊಂಡು ಬಂದಿದ್ದಳು. ಮಳವಳ್ಳಿ ಕಡೆಯ ಹುಡುಗಿ, ಬಿ.ಎಡ್. ಓದಿದವಳು, ಮಾತಿಗೆ ಮುಂಚೆ ನಗುವವಳು. ಕೈಯಲ್ಲಿ ತನ್ನದೇ ನೀರಿನ ಬಾಟಲಿ ಹಿಡಿದುಕೊಂಡೇ ಇಳಿದಳು. "ನಂದು ಊಟ ಆಗಿದೆ ಆಂಟಿ, ಬರ್ತಾನೇ ತಿಂದ್ಕೊಂಡು ಬಂದೆ" ಎಂದು, ಯಾರೂ ಕೇಳುವ ಮೊದಲೇ ಹೇಳಿ ಮುಗಿಸಿದಳು. ಓದಿದವಳ ನೆಪ ಓದದವರ ನೆಪಕ್ಕಿಂತ ಒಂದಿಷ್ಟೂ ಭಿನ್ನವಾಗಿರಲಿಲ್ಲ. ಚಿಕ್ಕಮಾದಮ್ಮ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಇದ್ದದ್ದು ಅತ್ತೆಯ ಮೇಲೆ.

ಹೊಂಬಾಳಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಮನೆ ನೋಡಿದಳು, ನಲ್ಲಿ ತಿರುಗಿಸಿದಳು, ಟೈಲ್ಸಿನ ಮೇಲೆ ಜಾರುತ್ತದೆಂದು ಬೈದಳು. ಕೈ ತೊಳೆದು ಕುರ್ಚಿಯಲ್ಲಿ ಕುಳಿತಳು. ಚಿಕ್ಕಮಾದಮ್ಮ ಹೊಸ ತಟ್ಟೆಯನ್ನು ತಂದು ಅವಳ ಮುಂದಿಟ್ಟು, ಹೆಸರು ಕಾಣದಂತೆ ಸರಿಯಾಗಿ ನಡುವೆಯೇ ಮುದ್ದೆ ಇಟ್ಟು, ಸಾರು ಹುಯ್ದಳು. ತುಂಡುಗಳನ್ನು ಆರಿಸಿ ಹಾಕಿದಳು.

ನೆಪವಿಲ್ಲ. ಹಲ್ಲುನೋವಿಲ್ಲ. ಹೊಂಬಾಳಮ್ಮ ಮುದ್ದೆ ಮುರಿದಳು, ಸಾರಲ್ಲಿ ಅದ್ದಿದಳು, ನುಂಗಿದಳು.

"ಖಾರ ಎಂಗದೆ ಅವ್ವೋರೆ?"

"ಒರಳಲ್ಲಿ ರುಬ್ಬಿದ್ಯಾ? ಈ ಸಾರು ಉಂಡು ಎಷ್ಟ್ ದಿನಾ ಆಗಿತ್ತೋ. ನಮ್ಮನೇಲಿ ಈಗೆಲ್ಲ ಪ್ಯಾಕೆಟ್ ಪುಡಿ ಕಣಮ್ಮಿ, ಹುಲ್ಲು ತಿಂದಂಗಿರ್ತದೆ." ರೂಪ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು.

ಎರಡನೆಯ ಮುದ್ದೆಯೂ ಹೋಯಿತು. ಅನ್ನಕ್ಕೂ ಕೈ ಒಡ್ಡಿದಳು. ಅನ್ನ ಬಳಿಯುವಾಗ ಬೆರಳಿಗೆ ಏನೋ ತರಚಿ ನಿಂತಿತು. ಚಿಕ್ಕಮಾದಮ್ಮ ಒಂದು ಹೆಜ್ಜೆ ಹತ್ತಿರ ಸರಿದಳು.

"ಇದೇನಮ್ಮಿ, ತಟ್ಟೆ ಗೀಚೋಗದೆ?"

ಹೊಂಬಾಳಮ್ಮನಿಗೆ ಅಕ್ಷರ ಬರುವುದಿಲ್ಲ ಎಂಬುದು ಚಿಕ್ಕಮಾದಮ್ಮನಿಗೆ ಆಗ ನೆನಪಾಯಿತು. ಕೂಲಿಯ ಲೆಕ್ಕವನ್ನೂ ಗಂಡನಿಂದಲೇ ಬರೆಸುತ್ತಿದ್ದವಳು ಇವಳು. ಆರು ತಟ್ಟೆಗೆ, ನಡುಮಧ್ಯದಲ್ಲಿ, ದೊಡ್ಡದಾಗಿ! ರೂಪ ಬಗ್ಗಿ ನೋಡಿ ಜೋರಾಗಿ ಓದಿದಳು. "ಚಿಕ್ಕಮಾದಮ್ಮ, ಗುತ್ತಲು ಅಂತ ಇದೆ ಅತ್ತೆ."

"ಓ, ಹೆಸ್ರಾ! ಒಳ್ಳೇ ಕೆಲ್ಸ ಮಾಡ್ದೆ ಬುಡು. ಟೌನಲ್ಲಿ ಕಳ್ರ ಕಾಟ." ಅಷ್ಟು ಹೇಳಿ ಹೊಂಬಾಳಮ್ಮ ಆ ಅಕ್ಷರಗಳ ಸಂದಿಯಲ್ಲಿ ಸಿಕ್ಕಿದ್ದ ಸಾರನ್ನು ತೋರುಬೆರಳಿನಿಂದ ಬಳಿದು ನೆಕ್ಕಿದಳು.

ಚಿಕ್ಕಮಾದಮ್ಮ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅವಳಿಗೆ ಸಂತೋಷವಾಗಿತ್ತು. ನಾಚಿಕೆಯಾಗುವಷ್ಟು ಸಂತೋಷವಾಗಿತ್ತು. ಉಂಡಳು. ತನ್ನ ಕೈಯ ಅಡುಗೆಯನ್ನು, ತನ್ನ ತಟ್ಟೆಯಲ್ಲಿ, ನೆಕ್ಕಿ ಉಂಡಳು. ಇಷ್ಟೇನಾ, ಇಷ್ಟು ಸುಲಭವಾ, ಇದಕ್ಕಾಗಿ ತಾನು ವಾರವೆಲ್ಲ ನಿದ್ದೆ ಕೆಡಿಸಿಕೊಂಡೆನಾ ಎನಿಸಿತು. ಕಣ್ಣು ಒದ್ದೆಯಾದದ್ದನ್ನು ಸೆರಗಿನಿಂದ ಒರೆಸಿಕೊಂಡು, ಎಲೆ ಅಡಿಕೆ ತಟ್ಟೆ ಹಿಡಿದು ಹೊರಗೆ ಬಂದಳು.

ಹೊಂಬಾಳಮ್ಮ ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದಳು. ಉಂಡ ಹೊಟ್ಟೆಯ ತೃಪ್ತಿ ಮುಖದ ತುಂಬ. ವೀಳ್ಯದೆಲೆಗೆ ಸುಣ್ಣ ಸವರುತ್ತ, ಎಂದೂ ಇಲ್ಲದ ಅಕ್ಕರೆಯಿಂದ ಹೇಳಿದಳು.

"ನೀನೂ ಒಂದ್ಸಲ ಬಾ ನಮ್ಮನೆಗೆ. ಊಟಕ್ಕೇ ಬಾ. ಟೌನ್ ಸೇರ್ದೋಳು ನಮ್ಮನೆ ಮರ್ತೇ ಬುಟ್ಟೆ. ನಿನ್ ತಟ್ಟೆ ಇನ್ನೂ ಮಡಗಿವ್ನಿ ಕಣಮ್ಮಿ. ಹಿತ್ಲ ಗೋಡೆ ಗೂಡಲ್ಲೇ ಅದೆ. ಈ ರೂಪ ಗುಜರಿಗ್ ಆಕ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ಅದು ನಮ್ ಮಾದಿ ತಟ್ಟೆ, ಇರ್ಲಿ ಅಂದೆ."

ಅವಳ ದನಿಯಲ್ಲಿ ಕಪಟವಿರಲಿಲ್ಲ. ಪ್ರೀತಿಯೇ ಇತ್ತು. ಅದೇ ಚಿಕ್ಕಮಾದಮ್ಮನ ಎದೆಗೆ ಚುಚ್ಚಿತು. ಕೇಡು ಬಯಸಿ ಹೇಳಿದ್ದರೆ ತಕ್ಕ ಉತ್ತರ ಬಾಯಲ್ಲೇ ಇತ್ತು. ಮೂವತ್ತು ವರ್ಷದಿಂದ ಆ ಹಿತ್ತಲ ಗೂಡಿನಲ್ಲಿ ಒಂದು ತಟ್ಟೆ ಬೇರೆಯಾಗಿ ಬೋರಲು ಬಿದ್ದಿದೆ, ಅದನ್ನು ಕಾಪಾಡಿದ್ದಕ್ಕೆ ಈ ಹೆಂಗಸು ಮೆಚ್ಚುಗೆ ಕೇಳುತ್ತಿದ್ದಾಳೆ. ಇಲ್ಲಿ ಕುರ್ಚಿಯಲ್ಲಿ ಕುಳಿತು ಎರಡು ಮುದ್ದೆ ಉಂಡವಳಿಗೆ ಅಲ್ಲಿ ತಟ್ಟೆ ಬೇರೆ ಇರುವುದು ಒಂದು ವಿಷಯವೇ ಅಲ್ಲ. ತಾನು ಪೇಟೆ ಬೀದಿಯೆಲ್ಲ ತಿರುಗಿ, ಹೆಸರು ಕೊರೆಸಿ, ಒರಳು ತಿರುಗಿಸಿ ಗೆದ್ದದ್ದು ಏನು? ಆ ಮನೆಯವರು ಬಂದು ಉಣ್ಣುವುದರಿಂದ ಅವರ ದೊಡ್ಡಸ್ತಿಕೆಯೇ ಬೆಳೆಯುತ್ತದೆ. ನಾಳೆ ಡೈರಿಯಲ್ಲಿ ಹೇಳಿಕೊಳ್ಳಲು ಇನ್ನೊಂದು ಮಾತಾಯಿತು, ಅಷ್ಟೆ. ಅವಳು ಪರೀಕ್ಷೆಯನ್ನು ತಪ್ಪು ಮನೆಯಲ್ಲಿ ಇಟ್ಟಿದ್ದಳು.

ಎಲೆ ಅಡಿಕೆ ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟಳು.

"ಬತ್ತೀನಿ ಅವ್ವೋರೆ. ಕರುದ್ರಲ್ಲ, ಬರೋ ಭಾನ್ವಾರವೇ ಬತ್ತೀನಿ. ಆ ತಟ್ಟೆ ಗುಜರಿಗಾಕಿ. ನೀವ್ ಉಣ್ಣೋ ತಟ್ಟೇಲಿ ಬಡ್ಸಿ. ಮುಂದ್ಲ ಬಾಗ್ಲಲ್ ಬಂದು ನಡುಮನೇಲಿ ಕುಂತು ಉಣ್ತೀನಿ."

ಹೊಂಬಾಳಮ್ಮನ ಬೆರಳಲ್ಲಿ ಸುಣ್ಣ ಒಣಗಿತು. ರೂಪ ಮೊಬೈಲಿನಲ್ಲಿ ತುರ್ತಾಗಿ ಏನನ್ನೋ ಹುಡುಕತೊಡಗಿದಳು. ಶಶಿರೇಖಾ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

"ಅದ್ಕೇನಂತೆ... ಬಾ, ಬಾ. ನಂದೇನಿಲ್ಲ ಕಣಮ್ಮಿ. ಹಿರೀಕರ ಕಾಲ್ದ ಮನೆ... ನಡುಮನೇಲಿ ದೇವ್ರು ಅವ್ನೆ..."

"ನಮ್ಮನೆ ನಡುಮನೇಲೂ ಬುದ್ಧ ಅವ್ನೆ. ನೀವ್ ಉಂಡಿದ್ಕೆ ಏನೂ ಅನ್ನಿಲ್ಲ."

"ಎಲ್ಲಾ ಒಂದಿನ ನೋಡಿ ಹೇಳ್ಕಳಿಸ್ತೀನಿ."

"ಹೇಳ್ಕಳ್ಸೋದೇನ್ ಬ್ಯಾಡಿ. ಭಾನ್ವಾರ ಹನ್ನೆರ್ಡ್ ಗಂಟೆ ಬಸ್ಸಿಗ್ ಬತ್ತೀನಿ."

ಕಾರು ಹೋದ ಮೇಲೆ ಶಶಿರೇಖಾ ತಾಯಿಯನ್ನು ಬಯ್ದಳು. ಇಷ್ಟೊತ್ತು ಚೆನ್ನಾಗಿತ್ತಲ್ಲ, ಉಂಡರಲ್ಲ, ಮತ್ತೆ ಯಾಕೆ ಕೆದಕಿದೆ ಎಂದಳು. ಚಿಕ್ಕಮಾದಮ್ಮ ಆ ತಟ್ಟೆ ಎತ್ತಿಕೊಂಡು ಹೋಗಿ ಅಕ್ಷರದ ಸಂದಿಯನ್ನು ಉಜ್ಜಿ ತೊಳೆದಳು.

ಮುಂದಿನ ಭಾನುವಾರ ಚಿಕ್ಕಮಾದಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದಳು. ಹಳ್ಳಿಯಲ್ಲಿ ಇಳಿದು ಕೇರಿಯ ದಾರಿ ಬಿಟ್ಟು ಊರೊಳಗಿನ ದಾರಿ ಹಿಡಿದಳು. ಹಿತ್ತಲ ಓಣಿಗೆ ತಿರುಗುವಲ್ಲಿ ಕಾಲು ತಾನಾಗಿ ಆ ಕಡೆ ವಾಲಿತು. ನಿಂತು, ಕಾಲಿಗೆ ಒಂದು ಬೈಗುಳ ಬೈದು, ನೇರ ನಡೆದಳು.

ಹೊಂಬಾಳಮ್ಮನ ಮನೆಯ ಮುಂಬಾಗಿಲಿಗೆ ಬೀಗ ಬಿದ್ದಿತ್ತು.

ಆ ಮನೆಗೆ ಬೀಗ ಹಾಕಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮದುವೆಗೆ ಹೋದಾಗ, ಸಾವಿಗೆ ಹೋದಾಗ, ತಿರುಪತಿಗೆ ಹೋದಾಗಲೂ ಯಾರಾದರೊಬ್ಬರು ಮನೆಯಲ್ಲಿ ಇದ್ದೇ ಇರುತ್ತಿದ್ದರು. ಹಗಲು ಹೊತ್ತು ಕದ ಮುಚ್ಚಿದರೆ ಲಕ್ಷ್ಮಿ ತಿರುಗಿ ಹೋಗುತ್ತಾಳೆ ಎಂದು ಹೊಂಬಾಳಮ್ಮನ ಅತ್ತೆ ಕದಕ್ಕೆ ಚಿಲಕದ ಕೊಂಡಿಯನ್ನೂ ಹಾಕಿಸಿರಲಿಲ್ಲ. ಈಗ ಆ ಹಳೆಯ ಹಲಸಿನ ಕದಕ್ಕೆ ಹೊಸ ಕೊಂಡಿ, ಕೊಂಡಿಗೆ ಹೊಸ ಬೀಗ. ಮೊಳೆ ಹೊಡೆದಲ್ಲಿ ಮರದ ಪುಡಿ ಇನ್ನೂ ಹೊಸ್ತಿಲ ಮೇಲೆ ಬಿದ್ದಿತ್ತು. ಒಂದು ತಟ್ಟೆ ಅನ್ನ ಬಡಿಸುವುದು ತಪ್ಪಲಿ ಎಂದು ಬಡಗಿಯನ್ನು ಕರೆಸಿ ಇಷ್ಟೆಲ್ಲ ಮಾಡಿಸಿದ್ದರು.

ಚಿಕ್ಕಮಾದಮ್ಮ ಆ ಬೀಗವನ್ನು ಸ್ವಲ್ಪ ಹೊತ್ತು ನೋಡಿದಳು. ಅಳು ಬರುತ್ತದೆ ಅಂದುಕೊಂಡಳು, ಬರಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿ, ಸೆರಗಿನಿಂದ ದೂಳು ಕೊಡವಿ, ಆ ಮನೆಯ ಜಗಲಿಯ ಮೇಲೆ ಕುಳಿತಳು. ಕಂಬಕ್ಕೆ ಒರಗಿ ಕಾಲು ಚಾಚಿದಳು. ವಾಪಸ್ಸು ಬಸ್ಸು ಇದ್ದದ್ದು ಮೂರು ಗಂಟೆಗೆ.

ಎದುರು ಮನೆಯ ಬೋರಯ್ಯ ಹಸು ಹೊಡೆದುಕೊಂಡು ಬಂದವನು ಕಣ್ಣು ಕಿರಿದು ಮಾಡಿ ನೋಡಿದ, ಹತ್ತಿರ ಬಂದ, ಗುರುತು ಸಿಕ್ಕಿ ದಂಗಾಗಿ ನಿಂತ.

"ಏನವ್ವ ಚಿಕ್ಕಮಾದಿ, ಇಲ್ಲಿ ಕುಂತಿದ್ದೀಯೆ?"

"ಊಟಕ್ ಕರ್ದವ್ರೆ ಕಣಪ್ಪ" ಎಂದಳು ಚಿಕ್ಕಮಾದಮ್ಮ, ಬೀದಿಯ ಆ ತುದಿಗೂ ಕೇಳಿಸುವಂತೆ. "ಬಡ್ಸೋಕ್ ಎದೆ ಸಾಲ್ದೆ ಮನೆ ಬುಟ್ಟು ಓಡೋಗವ್ರೆ."

ಡೈರಿಗೆ ಹಾಲು ಒಯ್ಯುವವರು ಕೇಳಿದರು, ಮಿಲ್ಲಿಗೆ ಹೊರಟವರು ಕೇಳಿದರು, ಸಂಘದ ಹೆಂಗಸರು ಇಬ್ಬಿಬ್ಬರಾಗಿ ಬಂದು ಕೇಳಿದರು. ಒಬ್ಬೊಬ್ಬರಿಗೂ ಅವಳು ಅದನ್ನೇ, ಅಷ್ಟೇ ಗಟ್ಟಿಯಾಗಿ, ಒಂದು ಬಾಳೆಹಣ್ಣು ಕೊಟ್ಟು ಹೇಳಿದಳು. ಮೂರು ಗಂಟೆಯ ಬಸ್ಸು ಬರುವ ಹೊತ್ತಿಗೆ ಒಂದು ಹಣ್ಣೂ ಉಳಿದಿರಲಿಲ್ಲ.